ಚಿತ್ತಾಪುರದ ಹತ್ತು ನಿಮಿಷ

ಪಟ್ಟಿಯಲ್ಲಿ ಎಲ್ಲ ಸಾಲುಗಳೂ ಹಸಿರು, ಒಂದೇ ಒಂದು ಸಾಲು ಕೆಂಪು. ಆ ಕೆಂಪು ಸಾಲನ್ನು ದೊಡ್ಡದು ಮಾಡಿ, ಐದೂ ಊರಿನವರಿಗೆ ಕಾಣುವ ಹಾಗೆ ಸ್ಕ್ರೀನಿನ ನಡುವೆ ನಿಲ್ಲಿಸಿ, ಮುಖ್ಯ ಕಚೇರಿಯ ಸಾಹೇಬರು ಹೇಳಿದರು: “ಪಾಲಿಸಿ ಇಲ್ಲಿಂದ ಬರೋಬ್ಬರಿ ಹೋಗ್ಯಾದ. ಚಿತ್ತಾಪುರದ ಕೌಂಟರಿನಾಗ ಹತ್ತಿಲ್ಲ ಅಂದ್ರ ಅಲ್ಲಿ ಕುಂತಾವ್ರು ಏನೋ ಕೈ ಆಡಿಸ್ಯಾರ ಅಂತ ಅರ್ಥ.”

ಈಗಲೂ ಆ ಮಾತು ನೆನಪಾದರೆ ನನ್ನ ಮೈ ಉರಿಯುತ್ತದೆ. ಸೋಮವಾರ ಬೆಳಗಿನ ಆನ್‌ಲೈನ್ ಮೀಟಿಂಗು ಅದು. ಚಿತ್ತಾಪುರದ ಕೌಂಟರಿನಲ್ಲಿ ಕೂರುವುದು ಒಬ್ಬಳೇ ಹೆಣ್ಣುಮಗಳು. ಹಾಗಾಗಿ ಹೆಸರು ಹೇಳುವ ತ್ರಾಸೂ ಸಾಹೇಬರಿಗೆ ಇರಲಿಲ್ಲ. ಸ್ಕ್ರೀನಿನ ಮೂಲೆಯ ಪುಟ್ಟ ಚೌಕದಲ್ಲಿ ಅವಳು ಸೆರಗು ಸರಿಪಡಿಸಿಕೊಂಡು ಏನೋ ಹೇಳಲು ಬಾಯಿ ತೆರೆದಳು. ಎಲ್ಲರ ಮೈಕನ್ನೂ ಮುಖ್ಯ ಕಚೇರಿಯವರು ಮುಚ್ಚಿಟ್ಟಿದ್ದರು. ಅವಳ ತುಟಿ ಆಡಿತು, ದನಿ ಮಾತ್ರ ನಮಗೆ ಯಾರಿಗೂ ಕೇಳಿಸಲಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳಲ್ಲಿ ನಮ್ಮ ಸಂಸ್ಥೆಯ ಅರ್ಜಿ ಕೇಂದ್ರಗಳಿವೆ. ಪಹಣಿ ಬೇಕಾದವರು, ಜಾತಿ ಪ್ರಮಾಣಪತ್ರ ಬೇಕಾದವರು, ಆದಾಯದ ಕಾಗದ ಬೇಕಾದವರು ಬೆಳಿಗ್ಗೆಯೇ ಬಂದು ಸಾಲು ಹಚ್ಚುತ್ತಾರೆ. ಆ ಕೇಂದ್ರಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಮನೆ ವಾಡಿಯಲ್ಲಿ. ಹೆಗಲಿಗೆ ಒಂದು ಬ್ಯಾಗು, ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಎರಡು ಸ್ಕ್ರೂಡ್ರೈವರು, ಒಂದು ಸುರುಳಿ ಕೇಬಲ್ಲು, ಧೂಳು ಒರೆಸಲು ಹಳೆಯ ಧೋತರದ ತುಂಡು, ರೊಟ್ಟಿ ಬುತ್ತಿ. ರೈಲು ಸಿಕ್ಕಲ್ಲಿ ರೈಲು, ಬಸ್ಸು ಸಿಕ್ಕಲ್ಲಿ ಬಸ್ಸು. ನೌಕರಿ ಗುತ್ತಿಗೆಯದು, ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ. ಸಿಟ್ಟು ಮಾತ್ರ ನನ್ನದು ಪರ್ಮನೆಂಟು. “ನಿನ್ನ ನೆತ್ತಿ ಮ್ಯಾಲ ಒಗ್ಗರಣಿ ಹಾಕಬಹುದು ನೋಡು” ಎಂದು ಮನೆಯವರು ನಗುತ್ತಾರೆ.

ಪಾಲಿಸಿ ಎಂದರೇನು ಎಂದು ಹೇಳಿಬಿಡುತ್ತೇನೆ, ಅದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಯಂತ್ರವನ್ನು ಐದು ನಿಮಿಷ ಮುಟ್ಟದಿದ್ದರೆ ಸ್ಕ್ರೀನಿಗೆ ಬೀಗ ಬೀಳಬೇಕು, ಪೆನ್‌ಡ್ರೈವ್ ಚುಚ್ಚಿದರೆ ತೆರೆಯಬಾರದು, ಇಂಥಿಂಥ ವೆಬ್‌ಸೈಟು ಮಾತ್ರ ಕಾಣಬೇಕು, ಹೀಗೆ ಕೆಲವು ಅಪ್ಪಣೆಗಳನ್ನು ಮುಖ್ಯ ಕಚೇರಿಯ ಸರ್ವರಿನಲ್ಲಿ ಬರೆದಿಡುತ್ತಾರೆ. ಊರೂರಿನ ಯಂತ್ರಗಳು ಬೆಳಿಗ್ಗೆ ಎದ್ದ ಕೂಡಲೇ ಸರ್ವರಿಗೆ ತಮ್ಮ ಗುರುತು ಹೇಳಿ, “ನನಗೇನು ಅಪ್ಪಣೆ?” ಎಂದು ಕೇಳಿ, ಹೇಳಿದ್ದನ್ನು ತಮ್ಮ ಮೇಲೆ ಹೇರಿಕೊಳ್ಳಬೇಕು. ಕೇಳಿಕೊಂಡ ಯಂತ್ರ ಪಟ್ಟಿಯಲ್ಲಿ ಹಸಿರು, ಕೇಳದ್ದು ಕೆಂಪು. ಅಪ್ಪಣೆ ಹೊರಡಿಸುವವರಿಗೆ ಇದು ಬಹಳ ಸುಲಭ, ಒಂದು ಗುಂಡಿ ಒತ್ತಿದರೆ ಮುಗಿಯಿತು. ಅದು ಯಾಕೆ ತಲುಪಲಿಲ್ಲ ಎಂದು ನೋಡಲು ಬಿಸಿಲಲ್ಲಿ ಬಸ್ಸು ಹತ್ತುವವಳು ನಾನು.

ಆ ವರ್ಷದ ಬೇಸಿಗೆಯಲ್ಲಿ ಹೊಸ ಪಾಲಿಸಿಯನ್ನು ಒಂದೊಂದೇ ಊರಿಗೆ ಹಚ್ಚತೊಡಗಿದಾಗಿನಿಂದ ನಾನು ಇದೇ ಆಟ ನೋಡುತ್ತಿದ್ದೆ. ಮೊದಲು ಕೆಂಪಾದದ್ದು ವಾಡಿ. “ವಾಡಿಯವರು ಬೇಕಂತ ಕೇಬಲ್ ಕೀಳ್ತಾರ” ಎಂದರು ಸಾಹೇಬರು. ಹೋಗಿ ನೋಡಿದರೆ, ಬೆಳಿಗ್ಗೆ ಮೇನ್ ಹಾಕಿದಾಗ ಹೊಸ ಕಂಪ್ಯೂಟರು ಚಿಟಿಕೆ ಹೊಡೆಯುವುದರಲ್ಲಿ ಎದ್ದು ಕೂರುತ್ತಿತ್ತು. ಗೋಡೆಯ ಮೇಲಿನ ನೆಟ್‌ವರ್ಕಿನ ಹಳೆಯ ಡಬ್ಬಿಗೆ ಎರಡು ನಿಮಿಷ ಬೇಕಾಗುತ್ತಿತ್ತು. ಯಂತ್ರ ಕೇಳುವ ಹೊತ್ತಿಗೆ ದಾರಿಯೇ ಇರುತ್ತಿರಲಿಲ್ಲ. ‘ನೆಟ್‌ವರ್ಕ್ ಬರುವ ತನಕ ಕಾಯಿ’ ಎಂಬ ಒಂದು ಅಪ್ಪಣೆಯನ್ನು ಮುಖ್ಯ ಕಚೇರಿಯವರು ಮೊದಲೇ ಕೊಡಬೇಕಿತ್ತು, ಕೊಟ್ಟಿರಲಿಲ್ಲ. ಆಮೇಲೆ ಕೆಂಪಾದದ್ದು ಚಿಂಚೋಳಿ. ನಮ್ಮ ಕೇಂದ್ರ ಆ ಊರಿನ ಚಂದಾಪುರ ಬಡಾವಣೆಯ ಮಾರ್ಕೆಟ್ಟಿನ ಹಿಂದೆ ಇದೆ. ಅಲ್ಲಿನ ಯಂತ್ರ ಮೊದಲು ಸೇಡಂನಲ್ಲಿತ್ತು. ಅದನ್ನು ಟೆಂಪೋದಲ್ಲಿ ಹಾಕಿ ಚಿಂಚೋಳಿಗೆ ಕಳಿಸಿದವರು, ಸರ್ವರಿನ ಪಟ್ಟಿಯಲ್ಲಿ ಮಾತ್ರ ಸೇಡಂನಲ್ಲೇ ಬಿಟ್ಟಿದ್ದರು. ಚಿಂಚೋಳಿಗೆ ಬರೆದ ಅಪ್ಪಣೆ ಅದಕ್ಕೆ ಹೇಗೆ ತಲುಪಬೇಕು? ಅಲ್ಲಿನ ಆಪರೇಟರು ಒಬ್ಬ ಪಾಪದ ಮನುಷ್ಯ, ತೆಲುಗು ಬೆರೆಸಿ ಮಾತಾಡುವವನು. ಮೂರು ವಾರ ಬೈಸಿಕೊಂಡ. ತಪ್ಪು ತಮ್ಮದೇ ಎಂದು ಗೊತ್ತಾದ ಮೇಲೆ ಮುಖ್ಯ ಕಚೇರಿಯಿಂದ ಅವನಿಗೆ ಒಂದು ಫೋನು ಸಹ ಹೋಗಲಿಲ್ಲ.

ಆದ್ದರಿಂದ ಚಿತ್ತಾಪುರದ ಸರದಿ ಬಂದಾಗ, ಇದೂ ಅವರದೇ ಎಡವಟ್ಟು ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಮೀಟಿಂಗು ಮುಗಿದ ಅರ್ಧ ತಾಸಿಗೆ ಚಿತ್ತಾಪುರದ ಆ ಹೆಣ್ಣುಮಗಳಿಗೆ ನೋಟಿಸು ಬಂತು. ಅವಳಿಗೊಬ್ಬಳಿಗೇ ಅಲ್ಲ, ಐದೂ ಕೇಂದ್ರದವರಿರುವ ವಾಟ್ಸಾಪ್ ಗುಂಪಿಗೇ ಬಂತು. ‘ಉದ್ದೇಶಪೂರ್ವಕವಾಗಿ ಪಾಲಿಸಿಯನ್ನು ತಡೆದು, ನಿಷೇಧಿತ ಪೆನ್‌ಡ್ರೈವ್ ಬಳಸಿದ್ದೀರಿ. ಏಳು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ತಪ್ಪಿದಲ್ಲಿ ಗುತ್ತಿಗೆಯನ್ನು ಮುಂದುವರಿಸಲಾಗುವುದಿಲ್ಲ.’ ಓದುತ್ತಿದ್ದಂತೆ ನನ್ನ ನೆತ್ತಿ ಕಾದಿತು. ಒಬ್ಬಳಿಗೆ ಕೊಡುವ ನೋಟಿಸನ್ನು ನಾಲ್ಕು ಊರಿಗೆ ಹಂಚುವುದು ಯಾವ ಸೀಮೆಯ ಶಿಸ್ತು? ಅದೇ ಗುಂಪಿನಲ್ಲಿ ನಾನೂ ಬರೆದೆ: ‘ವಾಡಿ, ಚಿಂಚೋಳಿ ಎರಡರಲ್ಲೂ ತಪ್ಪು ಮುಖ್ಯ ಕಚೇರಿಯದೇ ಆಗಿತ್ತು. ಚಿತ್ತಾಪುರದಲ್ಲೂ ಅದೇ ಆಗಿರುತ್ತದೆ. ಪರೀಕ್ಷೆ ಮಾಡದೆ ಜನರ ಮೇಲೆ ಹೊರೆ ಹಾಕಬೇಡಿ.’ ಶಹಾಬಾದಿನ ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು, ಸ್ವಲ್ಪ ಹೊತ್ತಿಗೆ ಅದನ್ನೂ ಅಳಿಸಿದರು.

ಸಂಜೆ ಅವಳ ಫೋನು ಬಂತು.

“ಅಕ್ಕಾ, ಶಾಬಾದಿನ ನಮ್ಮ ಓಣ್ಯಾಗ ಆಗ್ಲೇ ಗೊತ್ತಾಗ್ಯಾದ್ರಿ. ಅಲ್ಲಿನ ಕೇಂದ್ರದವ್ರು ಒಬ್ರು ಅದೇ ಓಣಿಯಾಗ ಇರ್ತಾರಲ್ಲ. ನಮ್ಮ ಅತ್ತಿ ಕೇಳಾಕತ್ತಾರ, ಕಚೇರಿಯಾಗಿಂದು ಏನ್ ಕದ್ದಿ ಅಂತ.”

“ನೀ ಏನಂದಿ?”

“ಏನಂತ ಹೇಳ್ಲಿ? ಪಾಲಿಸಿ ಅಂದ್ರ ಏನಂತ ನನಗೇ ಪೂರಾ ಮಾಲೂಮಿಲ್ಲ. ನಾ ಏನೂ ಮಾಡಿಲ್ಲಕ್ಕಾ. ಪೆನ್‌ಡ್ರೈವ್ ಹಾಕೀನಿ, ಅದು ಖರೇ. ಎದುರಿನ ಫೋಟೋ ಸ್ಟುಡಿಯೋದವ್ರು ಅರ್ಜಿದಾರರ ಫೋಟೋ ಅದ್ರಾಗೇ ಹಾಕಿ ಕೊಡ್ತಾರ. ಹಾಕಲಿಲ್ಲಂದ್ರ ಅರ್ಜಿ ಹ್ಯಾಂಗ ತುಂಬ್ಲಿ?”

ಇದು ಹೊಸ ಸಂಗತಿಯೇನಲ್ಲ, ಪಾಲಿಸಿ ಬರುವ ತನಕ ಐದೂ ಊರಿನ ಕೌಂಟರಿನಲ್ಲಿ ನಡೆಯುತ್ತಿದ್ದ ಕೆಲಸ. ಪಕ್ಕದ ಹಳ್ಳಿ ದಂಡೋತಿಯಿಂದ ಬರುವ ರೈತನ ಹತ್ತಿರ ಗುಂಡಿ ಒತ್ತುವ ಫೋನಿರುತ್ತದೆ. ಅವನ ಫೋಟೋ ಸ್ಟುಡಿಯೋದಿಂದ ಕೌಂಟರಿಗೆ ಹಾರಿ ಬರುತ್ತದೆಯೇ? ಪೆನ್‌ಡ್ರೈವ್ ಮುಚ್ಚುವ ಮುಂಚೆ, ಫೋಟೋ ಹೇಗೆ ಬರಬೇಕು ಎಂದು ಮುಖ್ಯ ಕಚೇರಿಯಲ್ಲಿ ಒಬ್ಬರಾದರೂ ಯೋಚಿಸಿದ್ದರೇ? ಹಸಿರಾದ ಊರುಗಳಲ್ಲಿ ಜನ ಫೋಟೋಕ್ಕಾಗಿ ಎರಡೆರಡು ದಿನ ಅಲೆಯುತ್ತಿದ್ದರು. ಅದು ಯಾವ ಪಟ್ಟಿಯಲ್ಲೂ ಕೆಂಪಾಗಿ ಕಾಣುತ್ತಿರಲಿಲ್ಲ.

ಅವಳ ಸಂಬಳದ ಮೇಲೆ ಆ ಮನೆ ಎಷ್ಟು ನಿಂತಿದೆ ಎಂದು ನನಗೆ ಗೊತ್ತಿತ್ತು. ಗಂಡ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸದಲ್ಲಿದ್ದ, ಧೂಳಿಗೆ ಎದೆ ಹಿಡಿದು ವರ್ಷದಿಂದ ಅರ್ಧ ದಿನ ಮಾತ್ರ ಹೋಗುತ್ತಿದ್ದ. ಮಗಳು ಎರಡನೇ ಇಯತ್ತೆ. ನೌಕರಿ ಹೋದರೆ ಹೋಗಲಿ, ಇನ್ನೊಂದು ಸಿಗಬಹುದು. ಕದ್ದು ಸಿಕ್ಕಿಬಿದ್ದವಳು ಎಂದು ಹೊರಬಿದ್ದರೆ ಯಾರು ಕೊಡುತ್ತಾರೆ? “ನಾಳೆ ಬರ್ತೀನಿ, ಬಗೆಹರಿಸೇ ಹೊಳ್ಳಿ ಹೋಗ್ತೀನಿ” ಎಂದೆ. ಅಷ್ಟು ಧೈರ್ಯದಿಂದ ನಾನು ಯಾವತ್ತೂ ಮಾತು ಕೊಟ್ಟಿರಲಿಲ್ಲ.

ಮರುದಿನ ಬೆಳಗಿನ ಗಾಡಿಗೆ ಚಿತ್ತಾಪುರದಲ್ಲಿ ಇಳಿದೆ. ಕೇಂದ್ರದಲ್ಲಿ ಎರಡೇ ಯಂತ್ರ. ಒಂದು ಕೌಂಟರಿನಲ್ಲಿ ಅವಳದು, ಇನ್ನೊಂದು ಹಿಂದಿನ ಮೇಜಿನ ಮೇಲೆ ಮ್ಯಾನೇಜರರದು. ಮ್ಯಾನೇಜರರು ನಿವೃತ್ತಿಗೆ ಹತ್ತಿರವಾದ ಹಿರಿಯರು. ಹಣೆಯ ಮೇಲೆ ವಿಭೂತಿ, ಕಿಸೆಯಲ್ಲಿ ಎರಡು ಪೆನ್ನು, ಎಲ್ಲರಿಗೂ ಚಹಾ ತರಿಸದೆ ಮಾತು ಶುರು ಮಾಡದ ಮನುಷ್ಯ.

“ಕುಂದ್ರು ತಂಗಿ, ಮೊದ್ಲು ನೀರು ಕುಡಿ” ಎಂದರು. “ಆ ಪೋರಿ ನಿನ್ನಿಯಿಂದ ರೊಟ್ಟಿ ಮುಟ್ಟಿಲ್ಲ. ಅಕಿ ಅಂಥಾಕಿ ಅಲ್ಲ. ನಾ ಬೇಕಾದ್ರ ಬರದು ಕೊಡ್ತೀನಿ.”

“ನಿಮ್ಮ ಯಂತ್ರ ಹಸಿರು ಅದ ಅಲ್ರಿ ಸರ?”

“ಅದೇ ಆಗ್ಯಾದ ನೋಡು ಅಕಿಗಿ ಮುಳುವು. ಒಂದೇ ಕೋಣಿ, ಒಂದೇ ವೈರು. ನಂದು ಹಸಿರು, ಅಕಿದು ಕೆಂಪು. ಸಾಹೇಬ್ರು ಅದನ್ನೇ ಹಿಡಕೊಂಡು ಕುಂತಾರ.”

ಆ ಮಾತು ನನ್ನನ್ನೂ ಸ್ವಲ್ಪ ಅಲುಗಾಡಿಸಿತು. ನೆಟ್‌ವರ್ಕಿನ ದೋಷವಾಗಿದ್ದರೆ ಎರಡೂ ಕೆಂಪಾಗಬೇಕಿತ್ತು. ಆದರೂ ಕೆಲಸಕ್ಕೆ ಕೂತೆ. ಪಾಲಿಸಿಯನ್ನು ಬಲವಂತವಾಗಿ ಎಳೆಯುವ ಆಜ್ಞೆ ಕೊಟ್ಟೆ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ, ಆಗಲಿಲ್ಲ ಎಂದಿತು. ಕೇಬಲ್ ಬದಲಿಸಿದೆ. ಮ್ಯಾನೇಜರರ ಕೇಬಲ್ಲನ್ನೇ ತಂದು ಇದಕ್ಕೆ ಚುಚ್ಚಿದೆ, ಆಗಲಿಲ್ಲ. ಸರ್ವರಿನ ವಿಳಾಸ ಸರಿ ಇದೆಯೇ ಎಂದು ನೋಡಿದೆ, ಸರಿ ಇತ್ತು. ಸರ್ವರು ಕರೆದರೆ ಓಗೊಡುತ್ತಿತ್ತು. ಇಷ್ಟಾದರೂ ಯಂತ್ರ ಗುರುತು ಹೇಳಿದ ಕೂಡಲೇ ಸರ್ವರು ಬಾಗಿಲು ಹಾಕಿಕೊಳ್ಳುತ್ತಿತ್ತು. ಅವಳ ನಿತ್ಯದ ಕೆಲಸಕ್ಕೆ ಇದರಿಂದ ಅಡ್ಡಿ ಇರಲಿಲ್ಲ. ಅರ್ಜಿಯೆಲ್ಲ ವೆಬ್‌ಸೈಟಿನಲ್ಲಿ ತುಂಬುವುದು, ಯಂತ್ರ ತನ್ನಲ್ಲಿ ನೆನಪಿಟ್ಟ ಹಳೆಯ ಪಾಸ್‌ವರ್ಡಿನಿಂದಲೇ ಅವಳನ್ನು ಒಳಗೆ ಬಿಡುತ್ತಿತ್ತು. ಅದಕ್ಕೇ ಇಷ್ಟು ದಿನ ಯಾರಿಗೂ ಏನೂ ತಿಳಿದಿರಲಿಲ್ಲ.

ಸಾಹೇಬರಿಗೆ ಫೋನು ಹಚ್ಚಿದೆ. “ಸರ, ಈ ಯಂತ್ರದ ಖಾತೆ ನಿಮ್ಮ ಸರ್ವರಿನಾಗ ಕೆಟ್ಟಿರಬೇಕು, ಜರಾ ನೋಡ್ರಿ.”

“ನೋಡೀನಿ ಮೇಡಂ, ಚಲೋ ಅದ. ನೀವು ಅದನ್ನ ಪೂರಾ ಅಳಿಸಿ ಹೊಸದಾಗಿ ಹಾಕ್ರಿ. ಅಕಿ ನೋಟಿಸಿಗಿ ಉತ್ತರ ಕೊಡ್ಲಿ, ಅದು ಬ್ಯಾರೆ ಕೇಸು.”

“ಕಾರಣ ಸಿಗೋ ಮೊದ್ಲೇ ಅಳಿಸಿದ್ರ, ಅಕಿ ತಪ್ಪು ಮಾಡಿಲ್ಲ ಅನ್ನೋದು ಹ್ಯಾಂಗ ಗೊತ್ತಾಗ್ತದ್ರಿ?”

“ತಪ್ಪು ಮಾಡಿಲ್ಲ ಅಂತ ನೀವು ಹ್ಯಾಂಗ ಹೇಳ್ತೀರಿ? ಪಾಲಿಸಿ ಕಳಿಸೋದು ನಮ್ಮ ಜಿಮ್ಮೇದಾರಿ. ತಗೊಳ್ಳೋದು ಅವ್ರ ಜಿಮ್ಮೇದಾರಿ.”

“ಟಪಾಲು ಮುಟ್ಟಲಿಲ್ಲಂದ್ರ ಮನಿಯವ್ರಿಗೇ ಬೈತೀರೇನ್ರಿ?” ಎಂದು ಕೇಳಿದೆ. ಫೋನು ಕಟ್ಟಾಯಿತು. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತ ದಂಡೋತಿಯ ಅಜ್ಜನೊಬ್ಬ, “ಯವ್ವಾ, ನಿಮ್ಮ ಜಗಳ ಹರಿದ ಮ್ಯಾಲ ನನ್ನ ಪಹಣಿ ಕೊಡ್ತೀರೋ ಮೊದ್ಲೇ ಕೊಡ್ತೀರೋ?” ಎಂದ. ಅವನಿಗೆ ಮ್ಯಾನೇಜರರು ತಮ್ಮ ಯಂತ್ರದಲ್ಲಿ ತೆಗೆದುಕೊಟ್ಟರು.

ಮಧ್ಯಾಹ್ನದ ತನಕ ನಾನು ಹೀಗೇ ಗುದ್ದಾಡಿದೆ. ಬಾಯಲ್ಲಿ ಮುಖ್ಯ ಕಚೇರಿಯ ಮೂರು ತಲೆಮಾರಿನ ಸುದ್ದಿ ತೆಗೆಯುತ್ತಲೇ ಇದ್ದೆ. ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ನಾನು ಏನು ಒತ್ತಿದರೂ ಅದನ್ನೇ ನೋಡುತ್ತ ಕೂತಿದ್ದಳು. ಕೊನೆಗೆ ತಾನೇ ಎದ್ದು ಡಬ್ಬಿ ಬಿಚ್ಚಿದಳು. ಪುಂಡಿ ಪಲ್ಯ, ರೊಟ್ಟಿ, ಶೇಂಗಾ ಹಿಂಡಿ.

“ಅಕ್ಕಾ, ಒಂದೂವರೆ ಆತು. ಏಳ್ರಿ, ಉಣ್ಣಿರಿ.”

ಒಂದು ರೊಟ್ಟಿ ಕೈಗೆ ತೆಗೆದುಕೊಂಡು ನಾನು ಫೋನು ನೋಡಿದೆ. “ಇನ್ನೂ ಒಂದು ಇಪ್ಪತ್ತು ಆಗ್ಯಾದಲ್ಲ?”

“ಅದು ಹೊರಗಿನ ಟೈಮು” ಎಂದು ಅವಳು ಎರಡು ದಿನದಲ್ಲಿ ಮೊದಲ ಸಲ ನಕ್ಕಳು. “ಇಲ್ಲಿ ನಮ್ಮ ಸರ್ರ ಟೈಮು ನಡೀತದ್ರಿ.”

ಗೋಡೆಯ ಗಡಿಯಾರದಲ್ಲಿ ಒಂದೂವರೆ. ಕಂಪ್ಯೂಟರಿನ ಮೂಲೆಯಲ್ಲೂ ಒಂದೂವರೆ. ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಚಿತ್ತಾಪುರ ಕೇಂದ್ರದ ಗಡಿಯಾರ ಹತ್ತು ನಿಮಿಷ ಮುಂದಿರುತ್ತದೆ. ಇದು ಮ್ಯಾನೇಜರರು ಬಹಳ ವರ್ಷದ ಹಿಂದೆ ಹಾಕಿದ ಪದ್ಧತಿ. ಅಲ್ಲಿ ಕೆಲಸ ಮಾಡುವವರೆಲ್ಲ ರೈಲಿನ ಜನ, ವಾಡಿ, ಶಹಾಬಾದ ಕಡೆಯವರು. ಸಂಜೆಯ ಪ್ಯಾಸೆಂಜರ್ ತಪ್ಪಿದರೆ ಮನೆ ಮುಟ್ಟುವುದು ದೊಡ್ಡ ಫಜೀತಿ. ಹಿಂದೆ ಯಾರೋ ಒಬ್ಬರು ಓಡುತ್ತ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಮ್ಯಾನೇಜರರು ಗಡಿಯಾರವನ್ನು ಮುಂದೆ ತಿರುಗಿಸಿದರು. “ಹತ್ತು ನಿಮಿಷ ಮೊದ್ಲು ತೆರೀತೀವಿ, ಹತ್ತು ನಿಮಿಷ ಮೊದ್ಲು ಮುಚ್ಚತೀವಿ. ಯಾರಪ್ಪಂದು ಏನ್ ಲುಕ್ಸಾನ?” ಎನ್ನುತ್ತಿದ್ದರು. ಸಾಲಿಗೆ ಬರುವ ಜನಕ್ಕೂ ಅದು ರೂಢಿಯಾಗಿತ್ತು.

ಸರ್ವರಿಗೆ ಮಾತ್ರ ಆ ರೂಢಿ ಇಲ್ಲ. ಗುರುತು ಹೇಳಲು ಬಂದ ಯಂತ್ರದ ಗಡಿಯಾರಕ್ಕೂ ತನ್ನ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಇದು ಯಾರೋ ಮೋಸಗಾರ ಎಂದು ಅದು ತಿಳಿಯುತ್ತದೆ. ಒಳಗೆ ಬಿಡುವುದಿಲ್ಲ, ಅಪ್ಪಣೆಯನ್ನೂ ಕೊಡುವುದಿಲ್ಲ. ಈ ಕೆಲಸದಲ್ಲಿ ಮೊದಲು ಕಲಿಸುವ ಪಾಠಗಳಲ್ಲಿ ಇದೊಂದು. ಬೆಳಗಿನಿಂದ ಅದು ನನ್ನ ಕಣ್ಣ ಮುಂದೆಯೇ ಇತ್ತು, ಮುಖ್ಯ ಕಚೇರಿಯನ್ನು ಬೈಯುವ ಭರದಲ್ಲಿ ನಾನು ಗಡಿಯಾರವನ್ನು ನೋಡಿಯೇ ಇರಲಿಲ್ಲ.

ಆದರೆ ಒಂದು ಅನುಮಾನ ಉಳಿಯಿತು. ಈ ಯಂತ್ರಗಳು ದಿನಾ ಸರ್ವರಿನ ಸಮಯ ನೋಡಿ ತಮ್ಮ ಗಡಿಯಾರವನ್ನು ತಾವೇ ತಿದ್ದಿಕೊಳ್ಳುತ್ತವೆ. ಇದು ಯಾಕೆ ತಿದ್ದಿಕೊಂಡಿಲ್ಲ? ತೆರೆದು ನೋಡಿದೆ. ಆ ತಿದ್ದುವ ವ್ಯವಸ್ಥೆಯನ್ನೇ ಯಾರೋ ನಿಲ್ಲಿಸಿದ್ದರು. ಕೌಂಟರಿನವರ ಪಾಸ್‌ವರ್ಡಿನಿಂದ ಅದು ಆಗುವ ಕೆಲಸವಲ್ಲ.

“ಸರ, ಇದರ ಟೈಮು ಯಾರು ಬದಲಿ ಮಾಡ್ಯಾರ?” ಎಂದು ಜೋರಾಗಿ ಕೇಳಿದೆ. ದನಿಯಲ್ಲಿ ಆಗಲೇ ಇನ್ನೊಬ್ಬರಿಗೆ ಬೈಯುವ ತಯಾರಿ ಇತ್ತು.

ಮ್ಯಾನೇಜರರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಕಪಾಟು ತೆಗೆದು, ಭೇಟಿ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಕೇಂದ್ರಕ್ಕೆ ಹೋದಾಗಲೆಲ್ಲ ಏನು ಕೆಲಸ ಮಾಡಿದೆ ಎಂದು ನಾನು ಅದರಲ್ಲಿ ಬರೆದು ಸಹಿ ಹಾಕುವ ಪದ್ಧತಿ. ಅವರು ತೋರಿಸಿದ ಪುಟ ಯಂತ್ರ ಹೊಸದಾಗಿ ಬಂದ ವರ್ಷದ್ದು. ನನ್ನದೇ ದುಂಡು ಅಕ್ಷರ: ‘ಕೌಂಟರ್ ಕಂಪ್ಯೂಟರಿನ ಸಮಯವನ್ನು ಗೋಡೆಯ ಗಡಿಯಾರಕ್ಕೆ ಸರಿಹೊಂದಿಸಿದೆ. ತಾನಾಗಿ ಬದಲಾಗದಂತೆ ಮಾಡಿದೆ.’ ಕೆಳಗೆ ನನ್ನ ಸಹಿ.

ಎಲ್ಲವೂ ಒಮ್ಮೆಲೇ ನೆನಪಾಯಿತು. ಸಂಜೆ ಸಾಲಿನವರಿಗೆ ಟೋಕನ್ ಕೊಡುವುದನ್ನು ಮುಚ್ಚುವ ಹೊತ್ತಿಗೆ ಜನ ಕಂಪ್ಯೂಟರಿನ ಸಮಯ ತೋರಿಸಿ, ಇನ್ನೂ ಹತ್ತು ನಿಮಿಷ ಇದೆಯಲ್ಲ ಎಂದು ಜಗಳಕ್ಕೆ ಬರುತ್ತಿದ್ದರು. ಎರಡೂ ಒಂದೇ ಮಾಡಿಬಿಡು ತಂಗಿ ಎಂದು ಮ್ಯಾನೇಜರರು ಕೇಳಿದ್ದರು. ನಾನು ಮಾಡಿದೆ. ಮರುದಿನ ಅದು ಮತ್ತೆ ಹಿಂದಕ್ಕೆ ಹೋಗಿತ್ತು. ಮುಂದಿನ ಭೇಟಿಯಲ್ಲಿ, ಈ ದರಿದ್ರ ಮತ್ತೆ ಬದಲಾಗದ ಹಾಗೆ ಮಾಡುತ್ತೇನೆ ನೋಡಿ ಎಂದು ಜಂಬದಿಂದ ಬುಡವನ್ನೇ ಕತ್ತರಿಸಿದೆ. ಆಗ ಪಾಲಿಸಿಗಳೂ ಹೆಚ್ಚು ಇರಲಿಲ್ಲ, ಕೆಂಪು ಹಸಿರಿನ ಪಟ್ಟಿಯೂ ಇರಲಿಲ್ಲ. ಮಾಡಿದೆ, ಚಹಾ ಕುಡಿದೆ, ಮರೆತೆ.

ನನಗೆ ನಾಚಿಕೆಯಾಯಿತು ಎಂದರೆ ಕಡಿಮೆ. ಎರಡು ದಿನದಿಂದ ಯಾರ ಮೇಲೆ ಹಲ್ಲು ಕಡಿಯುತ್ತಿದ್ದೆನೋ ಆ ಸಾಹೇಬರಿಗಿಂತ ನಾನು ಯಾವುದರಲ್ಲಿ ಮೇಲು? ಅವರೂ ನೋಡದೆ ತೀರ್ಮಾನಿಸಿದರು, ನಾನೂ ನೋಡದೆ ತೀರ್ಮಾನಿಸಿದೆ. ನನ್ನ ತಪ್ಪಿನ ನೋಟಿಸನ್ನು ಅವಳು ಹೊತ್ತುಕೊಂಡಿದ್ದಳು. ಅವಳು ಪುಸ್ತಕವನ್ನು ಬಗ್ಗಿ ಓದಿದಳು. ನನ್ನ ಮುಖ ನೋಡಲಿಲ್ಲ, ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುವುತ್ತ ಕೂತಳು.

ಮ್ಯಾನೇಜರರು ದನಿ ತಗ್ಗಿಸಿದರು. “ತಂಗಿ, ಟೈಮು ಸರಿ ಮಾಡಿಬಿಡು. ಹಸಿರು ಆಗ್ತದ. ಈ ಪುಸ್ತಕ ಇಲ್ಲೇ ಇರ್ತದ, ಯಾರು ಬಂದು ನೋಡ್ತಾರ? ನಿನ್ನ ನೌಕರಿನೂ ಗುತ್ತಿಗಿದು ಅದ.”

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಹೌದಲ್ಲ ಅನ್ನಿಸಿತು. ನನಗೂ ಮನೆ ಇದೆ. ಸಮಯ ತಿದ್ದಿ ಬಂದರೆ ಪಟ್ಟಿ ಹಸಿರಾಗುತ್ತದೆ, ಸಾಹೇಬರು ಹಸಿರು ಕಂಡರೆ ಸಾಕು ಎನ್ನುವವರು. ಆದರೆ ನೋಟಿಸು ಬಂದ ಮರುದಿನವೇ ಕೆಂಪು ಹಸಿರಾದರೆ ಅದಕ್ಕೆ ಒಂದೇ ಅರ್ಥ. ಹೆದರಿ ಸರಿಪಡಿಸಿಕೊಂಡಳು ಎಂದೇ ಎಲ್ಲರೂ ಹೇಳುತ್ತಾರೆ. ಯಂತ್ರ ಹಸಿರಾಗಿ ಅವಳು ಮಾತ್ರ ಕೆಂಪಾಗಿಯೇ ಉಳಿಯುತ್ತಾಳೆ.

“ಬ್ಯಾಡ್ರಿ ಸರ” ಎಂದೆ. ಸಮಯ ತಿದ್ದುವ ಮೊದಲು ಹತ್ತು ನಿಮಿಷದ ಅಂತರ ಕಾಣುವ ಹಾಗೆ ಸ್ಕ್ರೀನಿನ ಚಿತ್ರ ತೆಗೆದೆ. ಭೇಟಿ ಪುಸ್ತಕದ ಆ ಪುಟದ ಫೋಟೋ ಹೊಡೆದೆ. ಆಮೇಲೆ ನಿಲ್ಲಿಸಿದ್ದನ್ನು ಮತ್ತೆ ಹಚ್ಚಿದೆ. ಗಡಿಯಾರ ಹತ್ತು ನಿಮಿಷ ಹಿಂದಕ್ಕೆ ಜಿಗಿಯಿತು. ಪಾಲಿಸಿ ಎಳೆದೆ, ಯಾವ ತಕರಾರೂ ಇಲ್ಲದೆ ಇಳಿಯಿತು. ಅಲ್ಲೇ ಕೂತು ಅವಳ ನೋಟಿಸಿಗೆ ಉತ್ತರ ಬರೆಸಿದೆ. ಅದರ ಜೊತೆಗೆ ನನ್ನ ಹೇಳಿಕೆಯನ್ನೂ ಬರೆದೆ: ಈ ಯಂತ್ರಕ್ಕೆ ಪಾಲಿಸಿ ತಲುಪದಿದ್ದುದಕ್ಕೆ ಕಾರಣ ನಾನು. ಪೆನ್‌ಡ್ರೈವ್ ಬಳಸಿದ್ದು ಅರ್ಜಿದಾರರ ಫೋಟೋಕ್ಕಾಗಿ, ಅದಕ್ಕೆ ಬೇರೆ ದಾರಿಯನ್ನು ಮುಖ್ಯ ಕಚೇರಿ ಇನ್ನೂ ಕೊಟ್ಟಿಲ್ಲ. ಎಲ್ಲವನ್ನೂ ಮೇಲ್ ಮಾಡಿದೆ.

ಆ ವಾರ ಪೂರ್ತಿ ಯಾವ ಉತ್ತರವೂ ಬರಲಿಲ್ಲ. ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಪಟ್ಟಿ ಪೂರ್ತಿ ಹಸಿರಾಗಿತ್ತು. ಸಾಹೇಬರ ಮುಖ ಅರಳಿತ್ತು. “ನೋಡ್ರಿ, ಒಂದು ನೋಟಿಸು ಕೊಟ್ಟದ್ದೇ ತಡ, ಚಿತ್ತಾಪುರದವ್ರು ದಾರಿಗಿ ಬಂದ್ರು” ಎಂದರು.

ಅವತ್ತು ನಾನು ಬೇಕೆಂದೇ ಕಲಬುರಗಿಯ ಮುಖ್ಯ ಕಚೇರಿಗೆ ಹೋಗಿ, ಸಾಹೇಬರು ಮೀಟಿಂಗು ನಡೆಸುವ ಕೋಣೆಯಲ್ಲಿ ಅವರ ಎದುರಿಗೇ ಕೂತಿದ್ದೆ. ನನ್ನ ಮೈಕು ಮುಚ್ಚುವ ಗುಂಡಿ ಅವರ ಹತ್ತಿರ ಇರಲಿಲ್ಲ.

“ಚಿತ್ತಾಪುರದವ್ರು ದಾರಿ ಬಿಟ್ಟಿದ್ದೇ ಇಲ್ರಿ ಸರ” ಎಂದೆ. “ತಪ್ಪು ಮಾಡಿದಾಕಿ ನಾ. ಬರದು ಕಳಿಸಿ ಆರು ದಿನ ಆತು. ನೀವು ಇನ್ನೂ ತೆರೆದಿಲ್ಲ.”

ಸಾಹೇಬರು ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುವವರಂತೆ ಮಾಡಿದರು. “ಹೌದಾ? ಅದನ್ನ ಆಮ್ಯಾಲ ನೋಡೋಣ ಮೇಡಂ.”

“ನೋಟಿಸು ಎಲ್ಲಾರ ಎದುರಿಗೆ ಕೊಟ್ಟೀರಿ. ಇದನ್ನೂ ಎಲ್ಲಾರ ಎದುರಿಗೇ ನೋಡ್ರಿ.”

ನೋಡಿದರು. ಓದಿದರು. “ಸರಿ, ಅಕಿ ಗುತ್ತಿಗಿ ಮುಂದುವರಿಸೋಣ” ಎಂದರು. ನೋಟಿಸು ವಾಪಸು ಪಡೆದಿದ್ದೇವೆ ಎಂದು ಒಂದು ಸಾಲು ಬರೆದುಕೊಡಿ ಎಂದು ಕೇಳಿದೆ. “ನೋಟಿಸು ವಾಪಸ್ ತಗೊಳ್ಳಾಕ ನಮ್ಮಲ್ಲಿ ನಮೂನೆ ಇಲ್ರಿ” ಎಂದರು. ಒಂದು ಹೆಣ್ಣುಮಗಳ ಮಾನ ತೆಗೆಯಲು ನಮೂನೆ ಇದೆ, ಹಿಂದಿರುಗಿಸಲು ನಮೂನೆ ಇಲ್ಲ! ಆಮೇಲೆ ನನಗೂ ಒಂದು ನೋಟಿಸು ಬಂತು. ಅದು ಗುಂಪಿಗೆ ಬರಲಿಲ್ಲ, ಮುಚ್ಚಿದ ಲಕೋಟೆಯಲ್ಲಿ ಬಂತು. ನನ್ನದು ನಿಜವಾದ ತಪ್ಪು, ಅದಕ್ಕೆ ಲಕೋಟೆಯ ಮರ್ಯಾದೆ ಸಿಕ್ಕಿತು. ಈ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಲಿ ಎಂದು ಇವತ್ತಿಗೂ ಗೊತ್ತಾಗಿಲ್ಲ.

ಮುಂದಿನ ವಾರ ಚಿತ್ತಾಪುರಕ್ಕೆ ಹೋದಾಗ ಗೋಡೆಯ ಗಡಿಯಾರ ಹಾಗೇ ಹತ್ತು ನಿಮಿಷ ಮುಂದಿತ್ತು. “ಕಂಪ್ಯೂಟರು ಸರ್ವರಿಂದು, ಗೋಡಿ ನಂದು” ಎಂದರು ಮ್ಯಾನೇಜರರು. ಟೋಕನ್ ಮುಚ್ಚುವ ಹೊತ್ತಿನ ಜಗಳ ಮತ್ತೆ ಶುರುವಾಗಿತ್ತಂತೆ. ಸಂಜೆ ಹೊರಡುವ ಮುಂಚೆ ನಾನು ಅವಳ ಹತ್ತಿರ ಹೋಗಿ, “ಅವ್ರು ಬರದು ಕೊಡಲಿಲ್ಲ. ನಾ ಕೇಳೀನಿ” ಎಂದೆ.

“ಅವ್ರು ಕೊಡೂದಿಲ್ಲ ಅಂತ ಗೊತ್ತಿತ್ರಿ ಅಕ್ಕಾ” ಎಂದಳು. ಕಪಾಟಿನಿಂದ ಭೇಟಿ ಪುಸ್ತಕ ತೆಗೆದು ಹೊಸ ಪುಟ ಬಿಚ್ಚಿ ನನ್ನ ಮುಂದೆ ಇಟ್ಟಳು. “ನೀವು ಇದ್ರಾಗ ಬರದು ಸಹಿ ಹಾಕ್ರಿ. ಫೋಟೋ ಹೊಡಕೊಂಡು ಹೋಗಿ ಮನ್ಯಾಗ ತೋರಿಸ್ತೀನಿ. ಅತ್ತಿಗಿ ಓದಾಕ ಬರೂದಿಲ್ಲ, ಮಗಳ ಕಡಿಂದ ಓದಸ್ತೀನಿ.”

ಎರಡನೇ ಇಯತ್ತೆಯ ಮಗು ಕೂಡಿಸಿ ಓದುವ ಹಾಗೆ, ದೊಡ್ಡ ದೊಡ್ಡ ಅಕ್ಷರದಲ್ಲಿ, ಒಂದೊಂದು ಪದವನ್ನೂ ಬಿಡಿಸಿ ಬರೆದೆ: ‘ತಪ್ಪು ನನ್ನದು. ಕೌಂಟರಿನವರು ಏನೂ ಕದ್ದಿಲ್ಲ. ಯಾವ ತಪ್ಪೂ ಮಾಡಿಲ್ಲ.’ ಸಹಿ ಹಾಕಿದೆ. ಅವಳು ಬಗ್ಗಿ ನೋಡಿ, ಸಹಿಯ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

“ಟೈಮು ಹಾಕಿಲ್ರಿ.”

ನಾನು ಗೋಡೆಯ ಕಡೆ ತಲೆ ಎತ್ತಿದೆ.

“ಅದಲ್ಲಕ್ಕಾ” ಎಂದಳು. “ಖರೇದು ಹಾಕ್ರಿ.”

ಫೋನು ನೋಡಿ ಖರೇದನ್ನೇ ಹಾಕಿದೆ. ಅವಳು ಫೋಟೋ ತೆಗೆದುಕೊಂಡಳು, ಅಕ್ಷರ ಸರಿಯಾಗಿ ಬಂದಿದೆಯೇ ಎಂದು ಎರಡು ಸಲ ದೊಡ್ಡದು ಮಾಡಿ ನೋಡಿದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿ ಗಾಡಿ ಹಿಡಿಯಲು ಹೊರಟಳು.